ವೀರ್ಯ ಪರೀಕ್ಷೆ: ಲ್ಯಾಬ್ ಚೆನ್ನಾಗಿದೆ, ಕೌನ್ಸೆಲಿಂಗ್ ಬೇಡ

ವೀರ್ಯ ಪರೀಕ್ಷೆಗೆ ಲ್ಯಾಬ್ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವು ಹೋಗಿದ್ದು ಫರ್ಟಿಲಿಟಿ ಕ್ಲಿನಿಕ್ ಒಳಗೇ ಇರುವ ಲ್ಯಾಬ್‌ಗೆ. ಲ್ಯಾಬ್‌ಗೆ ಪೂರ್ತಿ ಅಂಕ ಕೊಡುತ್ತೇನೆ.

ಸ್ಯಾಂಪಲ್ ಕೊಡುವ ಕೋಣೆ ಪಕ್ಕದಲ್ಲೇ ಇದೆ, ಕಪ್ ಹಿಡಿದು ಜನರ ಮಧ್ಯೆ ಓಡಾಡುವ ಮುಜುಗರ ಇಲ್ಲ. ಹಿಂದಿನ ಸಲ ವೀರ್ಯ ಹೊರಬಂದ ಮೇಲೆ 2ರಿಂದ 7 ದಿನದ ಅಂತರ ಇತ್ತಾ, ಸ್ಯಾಂಪಲ್ ಪೂರ್ತಿ ಸಿಕ್ಕಿತಾ, ಇತ್ತೀಚಿನ ತಿಂಗಳುಗಳಲ್ಲಿ ಜೋರು ಜ್ವರ ಬಂದಿತ್ತಾ ಅಂತ ಟೆಕ್ನಿಷಿಯನ್ ಮೆಲ್ಲಗೆ ಕೇಳಿ ಬರೆದುಕೊಂಡರು.

ನನಗೆ ಜಾಸ್ತಿ ಇಷ್ಟವಾಗಿದ್ದು ರಿಪೋರ್ಟ್. ಕೌಂಟ್, ಚಲನೆ, ಆಕಾರದ ಕೆಳಗೆ ನ್ಯೂಟ್ರಲ್ ಆಲ್ಫಾ ಗ್ಲುಕೋಸಿಡೇಸ್ ಅಂತ ಇನ್ನೊಂದು ಸಾಲು ಇತ್ತು. ಇದು ಎಪಿಡಿಡಿಮಿಸ್‌ನಲ್ಲಿ, ಅಂದರೆ ವೃಷಣದ ಹಿಂದೆ ಅಂಟಿಕೊಂಡಿರುವ ನಾಳದಲ್ಲಿ, ತಯಾರಾಗುವ ಎಂಜೈಮ್. ವೃಷಣದಿಂದ ಆಗಷ್ಟೇ ಹೊರಬಂದ ವೀರ್ಯಾಣುವಿಗೆ ಸರಿಯಾಗಿ ಈಜಲೂ ಬರುವುದಿಲ್ಲ, ಅಂಡಕ್ಕೆ ಅಂಟಿಕೊಳ್ಳಲೂ ಬರುವುದಿಲ್ಲ. ಸುಮಾರು 6 ಮೀಟರ್ ಉದ್ದದ, ಸುರುಳಿ ಸುತ್ತಿಕೊಂಡ ಆ ಒಂದೇ ನಾಳದೊಳಗೆ ಸಾಗುತ್ತಾ, ಅಲ್ಲಿನ ಪ್ರೋಟೀನ್‌ಗಳನ್ನು ಮೈಗೆ ಹತ್ತಿಸಿಕೊಳ್ಳುತ್ತಾ ಅದು ಬಲಿಯುತ್ತದೆ. ಒಂದೂ ವೀರ್ಯಾಣು ಸಿಗದ ಸ್ಯಾಂಪಲ್‌ನಲ್ಲಿ ಈ ಎಂಜೈಮ್ ಕೂಡ ತೀರಾ ಕಡಿಮೆ ಇದ್ದರೆ, ದಾರಿಯಲ್ಲೆಲ್ಲೋ ಅಡ್ಡಿ ಇರಬಹುದು ಅಂತ ಡಾಕ್ಟರ್‌ಗೆ ಸುಳಿವು ಸಿಗುತ್ತದೆ. ಸುಮ್ನೆ ಸೊನ್ನೆ ಅಂತ ಬರೆದು ಕಳಿಸಿದರೆ ಗಂಡ ಹೆಂಡತಿ ಇಬ್ಬರೂ ಎಷ್ಟು ಕುಗ್ಗಿಹೋಗುತ್ತಾರೆ, ಅಲ್ವಾ?

ಹಯಲುರೋನಾನ್ ಬೈಂಡಿಂಗ್ ಟೆಸ್ಟ್ ಕೂಡ ಮಾಡಿಸಿದೆವು. ಅಂಡದ ಸುತ್ತ ಇರುವ ಹಯಲುರೋನಾನ್ ಅನ್ನುವ ವಸ್ತುವನ್ನು ಸ್ಲೈಡ್‌ಗೆ ಹಚ್ಚಿ, ವೀರ್ಯಾಣು ಅದಕ್ಕೆ ಅಂಟುತ್ತದಾ ಅಂತ ನೋಡುವ ಟೆಸ್ಟ್ ಇದು. ಪರದೆ ಮೇಲೆ ತೋರಿಸಿದರು: ಬಲಿತ ವೀರ್ಯಾಣುಗಳ ತಲೆ ಸ್ಲೈಡ್‌ಗೆ ಕಚ್ಚಿಕೊಂಡು ನಿಂತಿದೆ, ಬಾಲ ಮಾತ್ರ ಪಟಪಟ ಬಡಿಯುತ್ತಿದೆ. ಬಲಿಯದವು ಅಂಟದೆ ಮುಂದೆ ಹೋಗುತ್ತವೆ. ನೋಡಿ ಆಶ್ಚರ್ಯವಾಯಿತು. ಆದರೆ ಇದು ಎಲ್ಲರಿಗೂ ಬೇಕಿಲ್ಲ. ಹೀಗೆ ಅಂಟುವ ವೀರ್ಯಾಣುಗಳನ್ನೇ ಆರಿಸಿ ಇಕ್ಸಿ (ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವ ಚಿಕಿತ್ಸೆ) ಮಾಡಿದರೂ ಮಗು ಹುಟ್ಟುವ ಪ್ರಮಾಣ ಹೇಳಿಕೊಳ್ಳುವಷ್ಟು ಏರಲಿಲ್ಲ ಅಂತ 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪ್ರಯೋಗ ತೋರಿಸಿದೆ.

ಸಿಟ್ಟು ಬಂದಿದ್ದು ಕೌನ್ಸೆಲರ್ ಹತ್ತಿರ. ರಿಪೋರ್ಟ್ ಪೂರ್ತಿ ಓದುವ ಮೊದಲೇ ಒಂದು ಪೌಡರ್ ಡಬ್ಬಿ ಮುಂದಿಟ್ಟು, ಇಪ್ಪತ್ತು ದಿನ ಕುಡಿದು ಮತ್ತೆ ಟೆಸ್ಟ್ ಮಾಡಿಸಿ, ಕೌಂಟ್ ಏರಿರುತ್ತದೆ ಅಂದರು. ಅದು ಹೇಗೆ ಸಾಧ್ಯ? ಒಂದು ವೀರ್ಯಾಣು ವೃಷಣದಲ್ಲಿ ತಯಾರಾಗಲು ಎರಡರಿಂದ ಎರಡೂವರೆ ತಿಂಗಳು ಬೇಕು, ಆಮೇಲೆ ಎಪಿಡಿಡಿಮಿಸ್ ದಾಟಲು ಇನ್ನೂ ಕೆಲವು ದಿನ. ಇಪ್ಪತ್ತು ದಿನ ಬಿಟ್ಟು ಕಪ್‌ಗೆ ಬರುವ ವೀರ್ಯಾಣುಗಳು ಡಬ್ಬಿ ತೆರೆಯುವ ಎಷ್ಟೋ ಮೊದಲೇ ತಯಾರಾಗಲು ಶುರುವಾಗಿದ್ದವು. ಮಗುವಿಗಾಗಿ ಕಾಯುತ್ತಿರುವವರ ಆಸೆ ಮೇಲೆ ಹೀಗೆ ವ್ಯಾಪಾರ ಮಾಡಬಾರದು.

ಇಂಥ ಲ್ಯಾಬ್‌ಗೆ ಹೋದರೆ ಎಂಜೈಮ್ ಟೆಸ್ಟ್ ಬೇಕಾ ಅಂತ ಡಾಕ್ಟರ್ ಹತ್ತಿರ ಕೇಳಿ, ಬೇಕಿದ್ದರೆ ಸ್ಯಾಂಪಲ್ ಕೊಡುವ ಮೊದಲೇ ಲ್ಯಾಬ್‌ನವರಿಗೆ ತಿಳಿಸಿ. ರಿಪೋರ್ಟ್ ತೆಗೆದುಕೊಂಡು ನೇರ ಡಾಕ್ಟರ್ ಹತ್ತಿರ ಹೋಗಿ.