450 ರೂಪಾಯಿಯ ಸಿಪ್ಪರ್, 60 ರೂಪಾಯಿಯ ಲೋಟ: ಮೊದಲ ವರ್ಷ ಮಗುವಿಗೆ ಏನು ಕುಡಿಸಬೇಕು, ಯಾವುದರಲ್ಲಿ?

ಮೊದಲೇ ಹೇಳಿಬಿಡ್ತೇನೆ. ನಮ್ಮ ಮನೆಯಲ್ಲಿ ಗೆದ್ದಿದ್ದು ಎದೆಹಾಲು. ಆರು ತಿಂಗಳಾದ ಮೇಲೆ ಅದರ ಜೊತೆಗೆ ಕಾಯಿಸಿ ಆರಿಸಿದ ನೀರು. ಕುಡಿಸಿದ್ದು ಶಿರಸಿ ಪೇಟೆಯ ಪಾತ್ರೆ ಅಂಗಡಿಯಲ್ಲಿ 60 ರೂಪಾಯಿಗೆ ಸಿಕ್ಕ ಪುಟ್ಟ ಸ್ಟೀಲ್ ಲೋಟದಲ್ಲಿ. ಪುಡಿ ಹಾಲು, ದನದ ಹಾಲು, ಎಳನೀರು, ಬಾಟಲಿ, ಸಿಪ್ಪರ್ (ಮುಚ್ಚಳದಿಂದಲೇ ಚೀಪಿ ಕುಡಿಯುವ ಲೋಟ) ಎಲ್ಲವೂ ಒಂದಲ್ಲ ಒಂದು ದಿನ ಚರ್ಚೆಗೆ ಬಂದವು, ಕೆಲವು ಮನೆಗೂ ಬಂದವು. ಅದರಲ್ಲಿ ನನಗೆ ನಿಜವಾಗಿ ಸಿಟ್ಟು ತರಿಸಿದ್ದು ಸಿಪ್ಪರ್. ಅದರ ಬಗ್ಗೆ ಆಮೇಲೆ ಉದ್ದಕ್ಕೆ ಹೇಳ್ತೇನೆ.

ಮಗಳು ಹುಟ್ಟಿದ್ದು ನವೆಂಬರಿನಲ್ಲಿ. ಬಾಣಂತನ ಕುಮಟಾ ಹತ್ತಿರದ ತವರಿನಲ್ಲಿ. ಮೂರು ತಿಂಗಳು ತುಂಬಿದ ಮೇಲೆ ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆಯ ನಮ್ಮ ಮನೆಗೆ ಬಂದೆವು. 26 ವಾರದ ರಜೆ ಮೇ ತಿಂಗಳಲ್ಲಿ ಮುಗಿಯಿತು. ಮನೆಯಿಂದ ಕಚೇರಿಗೆ 14 ಕಿಲೋಮೀಟರ್. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ವಾಪಸ್ ಬರುವುದು ಸಂಜೆ ಆರಕ್ಕೆ. ಆ ಒಂಬತ್ತು ತಾಸು ಮಗಳು ಅತ್ತೆಯ ಕೈಯಲ್ಲಿ. ಹಾಗಾಗಿ ನನ್ನ ಹೋಲಿಕೆಯಲ್ಲಿ ಒಂದು ಪ್ರಶ್ನೆ ಯಾವಾಗಲೂ ಇತ್ತು: ನಾನಿಲ್ಲದಾಗ ಅತ್ತೆಗೆ ಇದು ಸುಲಭವಾ?

ಮೊದಲ ಆರು ತಿಂಗಳ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಎದೆಹಾಲು ಮಾತ್ರ, ನೀರೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ, ನಮ್ಮ ಮಕ್ಕಳ ಡಾಕ್ಟರ್ ಹೇಳಿದ್ದೂ ಅದನ್ನೇ. ಏಪ್ರಿಲ್ ಸೆಖೆಯಲ್ಲಿ ಮನೆಗೆ ಬಂದವರೆಲ್ಲ "ಪಾಪ, ಗಂಟಲು ಒಣಗ್ತದೆ, ಒಂದು ಚಮಚ ನೀರಾದ್ರೂ ಹಾಕಿ" ಅಂದರು. ಆದರೆ ಎದೆಹಾಲಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಇರುವುದೇ ನೀರು. ಬೇರೆ ನೀರು ಕುಡಿಸಿದರೆ ಆ ಚಿಕ್ಕ ಹೊಟ್ಟೆ ಅದರಲ್ಲೇ ತುಂಬುತ್ತದೆ, ಹಾಲು ಕಮ್ಮಿಯಾಗುತ್ತದೆ. ನಾನು ನೋಡುತ್ತಿದ್ದುದು ಉಚ್ಚೆ ಬಟ್ಟೆ. ದಿನಕ್ಕೆ ಆರು ಅಥವಾ ಅದಕ್ಕಿಂತ ಜಾಸ್ತಿ ಬಟ್ಟೆ ಒದ್ದೆಯಾದರೆ ಸಾಕಷ್ಟು ಹಾಲು ಸಿಗುತ್ತಿದೆ ಅಂತ ಅರ್ಥ. ನಮ್ಮಲ್ಲಿ ಎಂಟಾಗುತ್ತಿತ್ತು.

ಜೇನಿನ ಮಾತು ಸ್ವಲ್ಪ ಕಷ್ಟದ್ದು. ನಮ್ಮ ತೋಟದಲ್ಲೇ ತುಡವೆ ಜೇನಿನ ಪೆಟ್ಟಿಗೆಗಳಿವೆ. ಹುಟ್ಟಿದ ಮಗುವಿನ ನಾಲಿಗೆಗೆ ಒಂದು ಹನಿ ಜೇನು ಮುಟ್ಟಿಸುವುದು ಮನೆಯ ಪದ್ಧತಿ. ನಾನು ಬೇಡ ಅಂದೆ. ಜೇನಿನಲ್ಲಿ ಬೊಟುಲಿಸಂ ಎಂಬ ಕಾಯಿಲೆಯ ಬೀಜಾಣು ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆದುಕೊಳ್ಳುತ್ತದೆ, ವರ್ಷದೊಳಗಿನ ಮಗುವಿನ ಕರುಳಿಗೆ ಆ ಶಕ್ತಿ ಇಲ್ಲ. ಮನೆಯಲ್ಲಿ ಕಾಯಿಸಿದರೂ ಆ ಬೀಜಾಣು ಸಾಯುವುದಿಲ್ಲ. ಜೇನು ಎಷ್ಟೇ ಶುದ್ಧವಾಗಿದ್ದರೂ ಈ ಮಾತು ಬದಲಾಗುವುದಿಲ್ಲ. ಮಾವ ಎರಡು ದಿನ ಬೇಜಾರಿನಲ್ಲಿದ್ದರು. ಮೊದಲ ಹುಟ್ಟುಹಬ್ಬ ಕಳೆದ ಮೇಲೆ ಅವರ ಕೈಯಿಂದಲೇ ನೆಕ್ಕಿಸಿದೆವು.

ಗ್ರೈಪ್ ವಾಟರ್ ತರಲೇ ಇಲ್ಲ. ಬಜೆ ತೇಯ್ದು ಹಾಕುವುದೂ ಬೇಡ ಅಂದೆ.

ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆ ನಿಜವಾದ ಲೆಕ್ಕಾಚಾರ ಬಂತು. ಹಗಲಿಗೆ ಹಿಂಡಿಟ್ಟ ಎದೆಹಾಲಾ, ಪುಡಿ ಹಾಲಾ, ಕೊಟ್ಟಿಗೆಯ ಹಾಲಾ?

ಕೊಟ್ಟಿಗೆಯಲ್ಲಿ ಎರಡು ಮಲೆನಾಡು ಗಿಡ್ಡ ಇವೆ. ಹಾಲು ಕಮ್ಮಿ, ಆದರೆ ರುಚಿ ಬಹಳ. "ಎಮ್ಮನೆ ಮಾಣಿ ಇದೇ ಹಾಲು ಕುಡ್ಕಂಡೇ ದೊಡ್ಡಾದ, ಕೂಸಿಗೆ ಎಂತಾಗ್ತು?" ಅಂತ ಅತ್ತೆ ಕೇಳಿದರು. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ದನದ ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಮ್ಮಿ. ಪ್ರೋಟೀನು, ಉಪ್ಪಿನಂಶ ಜಾಸ್ತಿ, ಎಳೆ ಮೂತ್ರಪಿಂಡಕ್ಕೆ ಅದು ಹೊರೆ. ಕೆಲವು ಮಕ್ಕಳಿಗೆ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಒಸರುವುದೂ ಉಂಟು. ರಕ್ತ ಕಮ್ಮಿಯಾಗಲು ಇದೇ ದಾರಿ. ಅರ್ಧ ನೀರು ಬೆರೆಸಿ ಕೊಟ್ಟರೆ ಮಗುವಿಗೆ ಸಿಗಬೇಕಾದ ಸತ್ವವೂ ಅರ್ಧವಾಗುತ್ತದೆ. ವರ್ಷ ತುಂಬುವ ತನಕ ಎದೆಹಾಲಿನ ಜಾಗದಲ್ಲಿ ಇದು ಬೇಡ ಅಂತ ಡಾಕ್ಟರ್ ಅತ್ತೆಯ ಎದುರಿಗೇ ಹೇಳಿದ್ದು ಒಳ್ಳೆಯದಾಯಿತು. ಅವರೇ ಒಂದು ದಾರಿಯನ್ನೂ ಹೇಳಿದರು: ಅದೇ ಹಾಲಿಗೆ ಹೆಪ್ಪು ಹಾಕಿ, ಏಳನೇ ತಿಂಗಳಿನಿಂದ ಎರಡು ಚಮಚ ಮೊಸರು ಅನ್ನಕ್ಕೆ ಕಲಸಿ ಕೊಡಿ. ಅತ್ತೆಗೂ ಸಮಾಧಾನ, ನನಗೂ ಸಮಾಧಾನ.

ಪುಡಿ ಹಾಲು ಒಂದು ವಾರ ನಡೆಯಿತು. ಜೂನಿನಲ್ಲಿ ನನಗೆ ಜ್ವರ ಬಂದು ಹಾಲು ಕಮ್ಮಿಯಾಗಿತ್ತು. ಅದನ್ನು ನಾನು ಕೆಟ್ಟದು ಅನ್ನುವುದಿಲ್ಲ. ಹಾಲೇ ಬಾರದ ತಾಯಿಗೆ, ಹೊರಗೆ ದುಡಿಯಲೇಬೇಕಾದವರಿಗೆ ಅದು ಬೇಕೇ ಬೇಕು. ಆದರೆ ಅದನ್ನು ಸರಿಯಾಗಿ ಕಲಸುವುದು ಒಂದು ಕೆಲಸ. ನೀರು ಕುದಿಸಿ, ಅರ್ಧ ತಾಸಿನೊಳಗೆ, ಇನ್ನೂ 70 ಡಿಗ್ರಿಗಿಂತ ಬಿಸಿ ಇರುವಾಗಲೇ ಪುಡಿ ಹಾಕಬೇಕು. ಯಾಕೆಂದರೆ ಡಬ್ಬದ ಪುಡಿ ಪೂರ್ತಿ ಕ್ರಿಮಿಯಿಲ್ಲದ್ದಲ್ಲ. ಆಮೇಲೆ ತಣಿಸಿ ಕುಡಿಸಬೇಕು. ಎರಡು ತಾಸು ಮೀರಿದರೆ ಚೆಲ್ಲಬೇಕು. ನಾವು ತಂದ ಡಬ್ಬದಲ್ಲಿ 30 ಮಿಲಿ ನೀರಿಗೆ ಒಂದು ಚಮಚ ಅಂತ ಇತ್ತು, ಅದೂ ಚಾಕುವಿನಿಂದ ಸಮ ಮಾಡಿದ ಚಮಚ. ಅತ್ತೆ ಪ್ರೀತಿಯಿಂದ ರಾಶಿ ಚಮಚ ಹಾಕುತ್ತಿದ್ದರು. ಗಟ್ಟಿಯಾದರೂ ತೊಂದರೆ, ತೆಳುವಾದರೂ ತೊಂದರೆ. ಖರ್ಚೂ ಕಮ್ಮಿಯಲ್ಲ. ಪೂರ್ತಿ ಅದರ ಮೇಲೇ ಇರುವ ಮಗುವಿಗೆ 400 ಗ್ರಾಂ ಡಬ್ಬ ನಾಲ್ಕೈದು ದಿನ ಬಂದರೆ ಹೆಚ್ಚು. 1992ರ ಕಾನೂನಿನ ಪ್ರಕಾರ ನಮ್ಮ ದೇಶದಲ್ಲಿ ಈ ಡಬ್ಬಗಳ ಜಾಹೀರಾತು ಮಾಡುವಂತಿಲ್ಲ, ಡಬ್ಬದ ಮೇಲೆ ಮಗುವಿನ ಚಿತ್ರವನ್ನೂ ಹಾಕುವಂತಿಲ್ಲ. ಅಂಗಡಿಯವರು ಹೇಳಿದರು ಅಂತ ಕೊಳ್ಳುವ ವಸ್ತು ಇದಲ್ಲ. ಡಾಕ್ಟರ್ ಹೇಳಿದರೆ ಮಾತ್ರ.

ಹಿಂಡಿಟ್ಟ ಹಾಲು ನನಗೆ ಹೊಂದಿಕೊಂಡಿತು. ಬೆಳಗಿನ ಜಾವ ಐದಕ್ಕೆ ಒಮ್ಮೆ, ಹೊರಡುವ ಮುಂಚೆ ಒಮ್ಮೆ. ಕೈಯಲ್ಲೇ ಹಿಂಡುತ್ತಿದ್ದೆ, ಪಂಪಿಗೆ ದುಡ್ಡು ಹಾಕಲಿಲ್ಲ. ಹೊರಗೆ ನಾಲ್ಕು ತಾಸು, ಫ್ರಿಡ್ಜಿನಲ್ಲಿ ನಾಲ್ಕು ದಿನ ಅನ್ನುವುದು ಲೆಕ್ಕ. ಆದರೆ ಹೊರಗಿನ ನಾಲ್ಕು ತಾಸಿನ ಲೆಕ್ಕ 25 ಡಿಗ್ರಿ ತಂಪಿನ ಕೋಣೆಗೆ. ಕುಮಟಾದ ಮೇ ತಿಂಗಳಿಗೆ ಅದು ನಡೆಯುವುದಿಲ್ಲ, ಅಲ್ಲಿ ನೇರ ಫ್ರಿಡ್ಜಿಗೇ. ಶಿರಸಿಯಲ್ಲಿ ಮಳೆ ಹಿಡಿದರೆ ಕರೆಂಟು ಹೋಗುತ್ತದೆ. ಅದಕ್ಕೆ ಫ್ರಿಡ್ಜಿನೊಳಗೇ ಒಂದು ಸ್ಟೀಲ್ ಡಬ್ಬಿ, ಅದರ ಸುತ್ತ ಐಸ್ ಪೊಟ್ಟಣ ಇಡುತ್ತಿದ್ದೆವು. ಬಾಗಿಲು ತೆಗೆಯದಿದ್ದರೆ ಮಧ್ಯಾಹ್ನದ ತನಕ ತಣ್ಣಗೇ ಇರುತ್ತಿತ್ತು.

ಮೊದಲ ದಿನ ಅತ್ತೆ ಫೋನ್ ಮಾಡಿ ಹಾಲು ಒಡೆದಿದೆ ಅಂದರು. ಒಡೆದಿರಲಿಲ್ಲ. ತಣ್ಣಗೆ ನಿಂತ ಎದೆಹಾಲಿನ ಮೇಲೆ ಕೆನೆ ಬೇರೆಯಾಗಿ ಹಳದಿ ಪದರ ಕಟ್ಟುತ್ತದೆ, ಕೆಳಗೆ ನೀಲಿ ಛಾಯೆಯ ತೆಳು ಹಾಲು ಇರುತ್ತದೆ. ಬಿಸಿನೀರಿನ ಬಟ್ಟಲಲ್ಲಿ ಡಬ್ಬಿ ಇಟ್ಟು ಮೆಲ್ಲಗೆ ತಿರುಗಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ. ಒಲೆಯ ಮೇಲೆ ಮಾತ್ರ ಇಡಬಾರದು. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿಟ್ಟ ಎದೆಹಾಲಿಗೆ ಒಮ್ಮೊಮ್ಮೆ ಸೋಪಿನ ತರಹದ ವಾಸನೆ ಬರುತ್ತದೆ, ಅದೂ ಕೆಟ್ಟಿದ್ದಲ್ಲ. ನಮ್ಮ ಮಗಳು ಅದನ್ನು ಬಾಯಿಗೇ ತೆಗೆದುಕೊಳ್ಳಲಿಲ್ಲ, ಹಾಗಾಗಿ ಹೆಪ್ಪುಗಟ್ಟಿಸುವುದನ್ನೇ ಬಿಟ್ಟೆವು.

ಈಗ ಸಿಪ್ಪರ್. ಎಂಟನೇ ತಿಂಗಳು, ಜುಲೈ. ಆನ್‌ಲೈನಿನಲ್ಲಿ 450 ರೂಪಾಯಿಗೆ ತರಿಸಿದೆ. ಬಗ್ಗಿಸಿದರೂ ಚೆಲ್ಲುವುದಿಲ್ಲ ಅನ್ನುವುದೇ ನನಗೆ ಇಷ್ಟವಾಗಿತ್ತು. ಚೆಲ್ಲದಿರಲು ಕಾರಣ ಮುಚ್ಚಳದ ಒಳಗೆ ಕೂತಿರುವ ಒಂದು ಸಿಲಿಕೋನ್ ವಾಲ್ವು, ಗುಂಡಿಯಷ್ಟು ದೊಡ್ಡದು. ಮಗು ಬಲವಾಗಿ ಚೀಪಿದರೆ ಅದರ ಮಧ್ಯದ ಸೀಳು ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ.

ಮೊದಲ ತೊಂದರೆ, ಮಗಳ ಕೆನ್ನೆ ಒಳಗೆ ಹೋಗುವಷ್ಟು ಎಳೆದರೂ ಬರುತ್ತಿದ್ದುದು ನಾಲ್ಕು ಹನಿ. ಕೋಪ ಬಂದು ಎಸೆಯುತ್ತಿದ್ದಳು. ಅದನ್ನು ಸಹಿಸಿಕೊಂಡೆ, ಕಲಿಯುತ್ತಾಳೆ ಅಂದುಕೊಂಡೆ. ಎರಡನೇ ತೊಂದರೆ ಗೊತ್ತಾಗಲು ಮೂರು ವಾರ ಬೇಕಾಯಿತು. ದಿನಾ ತೊಳೆಯುತ್ತಿದ್ದೆ, ಕುದಿಸುತ್ತಿದ್ದೆ, ಒಲೆಯ ಪಕ್ಕ ಮಗುಚಿಡುತ್ತಿದ್ದೆ. ಆದರೂ ಮುಚ್ಚಳ ತೆಗೆದಾಗ ಒಂದು ಹುಳಿ ವಾಸನೆ. ಹಾಲಿನದೇ ಇರಬೇಕು ಅಂತ ಬಿಟ್ಟೆ. ಒಂದು ಭಾನುವಾರ ಬೆಳಕಿಗೆ ಹಿಡಿದು ನೋಡಿದೆ. ವಾಲ್ವಿನ ಅಂಚಿನ ಕೆಳಗೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು. ಉಗುರಿನಿಂದ ಕೆರೆದೆ, ಹೋಗಲಿಲ್ಲ. ಪಿನ್ನು ಹಾಕಿ ಎಬ್ಬಿಸಿದೆ. ಆ ವಾಲ್ವು ಒಂದು ತುಂಡಲ್ಲ, ಎರಡು ಪದರ. ಬಿಚ್ಚುವಂತೆ ಮಾಡಿರಲಿಲ್ಲ. ಬ್ಲೇಡಿನಿಂದ ಕೊಯ್ದೆ. ಒಳಗೆ ಎರಡು ಪದರದ ನಡುವೆ ಹಾಲಿನ ಬಿಳಿ ಪಸೆ, ಅದರ ಮೇಲೆ ಬೂಸಲು.

ಕೈ ನಡುಗಿತು. ಮೂರು ವಾರ ಅದರಲ್ಲೇ ಕುಡಿಸಿದ್ದೆ. ಅದರ ಹಿಂದಿನ ವಾರವೇ ಮಗಳಿಗೆ ಭೇದಿಯಾಗಿತ್ತು. ಅದರಿಂದಲೇ ಆಯಿತು ಅಂತ ನಾನು ಹೇಳಲಾರೆ. ಮಳೆಗಾಲದಲ್ಲಿ ಹೊಟ್ಟೆ ಕೆಡಲು ನೂರು ಕಾರಣ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯೋಚಿಸಿ ನೋಡಿ, ಶಿರಸಿಯ ಜುಲೈನಲ್ಲಿ ಒಣಗುವುದು ಯಾವುದು? ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಸಲು, ಬಾಗಿಲಿಗೆ ಬೂಸಲು. ಹೀಗಿರುವಾಗ ಗಾಳಿಯೇ ಆಡದ ಎರಡು ಪದರದ ನಡುವೆ ಹಾಲು ಸಿಕ್ಕಿದರೆ ಏನಾಗಬೇಕು? ಒಣ ಊರಿನಲ್ಲಿ ಈ ಸಿಪ್ಪರ್ ನಡೆಯಬಹುದು. ನಮ್ಮ ಮಳೆಗೆ, ಕರಾವಳಿಯ ಬೆವರಿಗೆ ನಡೆಯುವುದಿಲ್ಲ. ಮಾರಿದವರಿಗೆ ಫೋಟೋ ಕಳಿಸಿದೆ. ಬಳಸಿದ ವಸ್ತು ವಾಪಸ್ ಇಲ್ಲ ಅಂದರು. ಕೊಳ್ಳುವುದೇ ಆದರೆ ಪ್ರತಿ ತುಂಡೂ ಬಿಚ್ಚಿ ಬರುತ್ತದಾ ನೋಡಿ. ಬಿಚ್ಚದ ಒಂದು ತುಂಡಿದ್ದರೂ ಬೇಡ.

ಬಾಟಲಿ ಪುಡಿ ಹಾಲಿನ ಆ ವಾರ ಮಾತ್ರ. ನಿಪ್ಪಲ್ ರೂಢಿಯಾದ ಮೇಲೆ ಮಗಳು ಎದೆಗೆ ಬರಲು ಹಠ ಮಾಡಿದಳು, ಅದಕ್ಕೇ ಬಿಟ್ಟೆ.

ಒಳಲೆ, ಅಂದರೆ ಮೂತಿಯಿರುವ ಪುಟ್ಟ ಹಾಲಿನ ಬಟ್ಟಲು, ಆರೇಳು ತಿಂಗಳ ತನಕ ತುಂಬ ಚೆನ್ನಾಗಿ ನಡೆಯಿತು. ನನ್ನ ಆಯಿ ನನಗೆ ಬಳಸಿದ್ದ ಹಿತ್ತಾಳೆಯದು ಅಟ್ಟದಲ್ಲಿತ್ತು, ಆದರೆ ಕಲಾಯಿ ಹೋಗಿದ್ದರಿಂದ ಸ್ಟೀಲಿನದು ತಂದೆ. ಒಂದೇ ಎಚ್ಚರ, ಮಲಗಿಸಿ ಗಂಟಲಿಗೆ ಸುರಿಯಬಾರದು. ಕೂರಿಸಿಕೊಂಡು ತುಟಿಗೆ ಮುಟ್ಟಿಸಿದರೆ ಮಗು ತಾನೇ ನಾಲಿಗೆಯಿಂದ ಎಳೆದುಕೊಳ್ಳುತ್ತದೆ.

ಆಮೇಲೆ ಲೋಟ. 60 ಮಿಲಿ ಹಿಡಿಯುತ್ತದೆ, ಅಂಚು ಸುರುಳಿ ಮಡಚಿದ್ದಲ್ಲ, ನಯ ಮಾಡಿದ್ದು. ಮಡಚಿದ ಅಂಚಿನ ಸಂದಿಯಲ್ಲಿ ಕೊಳೆ ಕೂರುತ್ತದೆ ಅನ್ನುವುದು ಅಷ್ಟರಲ್ಲಿ ಗೊತ್ತಾಗಿತ್ತು. ಅರ್ಧ ತುಂಬಿಸಿ, ಅಂಚನ್ನು ಕೆಳತುಟಿಯ ಮೇಲಿಟ್ಟು, ಹಾಲು ಮೇಲ್ತುಟಿಗೆ ತಾಗುವಷ್ಟು ಬಗ್ಗಿಸಿ ಸುಮ್ನೆ ಕಾಯಬೇಕು. ಮೊದಲ ವಾರ ಅರ್ಧ ಹಾಲು ಕತ್ತಿಗೆ ಕಟ್ಟಿದ ಬಟ್ಟೆಗೇ ಹೋಯಿತು. ಕಷ್ಟಪಟ್ಟು ಹಿಂಡಿದ ಹಾಲು ಚೆಲ್ಲಿದರೆ ಸಂಕಟ ಆಗ್ತದೆ, ಅಲ್ವಾ? ಅದಕ್ಕೆ ನೀರಿನಲ್ಲಿ ಅಭ್ಯಾಸ ಮಾಡಿಸಿದೆವು. ಹತ್ತು ದಿನಕ್ಕೆ ಕಲಿತಳು. ಲೋಟದ ಒಳಗೆ ಬೆರಳು ಹಾಕಿ ಉಜ್ಜಿದರೆ ಮೂಲೆಯೇ ಇಲ್ಲ. ಕುದಿಯುವ ನೀರಿಗೆ ಹಾಕಿ ತೆಗೆದರೆ ಮುಗಿಯಿತು. ಅತ್ತೆಗೆ ಇದಕ್ಕಿಂತ ಸುಲಭದ್ದು ಇರಲಿಲ್ಲ.

ನೀರಿನ ಪ್ರಮಾಣಕ್ಕೂ ಲೋಟವೇ ಅಳತೆಯಾಯಿತು. ಆರು ತಿಂಗಳಿನಿಂದ ವರ್ಷದ ತನಕ ದಿನಕ್ಕೆ 120ರಿಂದ 240 ಮಿಲಿ ಸಾಕು, ಅಂದರೆ ಎರಡರಿಂದ ನಾಲ್ಕು ಲೋಟ, ಅದೂ ಊಟದ ಜೊತೆ ಗುಟುಕು ಗುಟುಕಾಗಿ. ಮೇ ತಿಂಗಳಲ್ಲಿ ತವರಿಗೆ ಹೋದಾಗ ಒಂದು ತೊಡಕು ಬಂತು. ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆಯ ಹಿನ್ನೀರಿನ ಹತ್ತಿರದ ಬಾವಿ, ಬೇಸಿಗೆಯ ಕೊನೆಗೆ ನೀರು ಉಪ್ಪಾಗುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ಗುಡ್ಡದ ಮೇಲಿನ ದೊಡ್ಡಮ್ಮನ ಮನೆ ಬಾವಿಯಿಂದ ದಿನಾ ಒಂದು ಕೊಡ ತರಿಸಿದೆವು.

ಎಳನೀರು ಎಂಟು ತಿಂಗಳ ಮೇಲೆ ಎರಡು ಚಮಚ ರುಚಿಗೆ ಕೊಟ್ಟೆವು, ಅಷ್ಟೇ. ಭೇದಿಗೆ ಅದು ಓಆರ್‌ಎಸ್ ಅಲ್ಲ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಬೇಕಾದ ಸೋಡಿಯಂ ಕಮ್ಮಿ. ಮಗಳಿಗೆ ಭೇದಿಯಾದಾಗ ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಿ, ಪ್ರತಿ ಸಲ ಭೇದಿಯಾದ ಮೇಲೆ ಒಂದು ಲೋಟ ಕೊಟ್ಟೆವು, ಜೊತೆಗೆ ಎದೆಹಾಲು. 24 ತಾಸಿಗೆ ಉಳಿದಿದ್ದನ್ನು ಚೆಲ್ಲಿದೆವು. ಡಾಕ್ಟರ್ 14 ದಿನಕ್ಕೆ ಜಿಂಕ್ ಬರೆದುಕೊಟ್ಟಿದ್ದರು, ಭೇದಿ ನಿಂತ ಮೇಲೂ ನಿಲ್ಲಿಸಲಿಲ್ಲ.

ಹಣ್ಣಿನ ರಸ, ಮುರುಗಲು ಪಾನಕ: ವರ್ಷದೊಳಗೆ ಬೇಡ. ಹಣ್ಣನ್ನೇ ಹಿಸುಕಿ ಕೊಡಿ. ಚಾ ಬೆರಳಿಗೆ ಅದ್ದಿ ನೆಕ್ಕಿಸುವುದೂ ಬೇಡ, ಊಟದಲ್ಲಿನ ಕಬ್ಬಿಣ ಮೈಗೆ ಹತ್ತಲು ಅದು ಬಿಡುವುದಿಲ್ಲ. ಗಂಜಿ ತೆಳಿ ಹೊಟ್ಟೆ ತುಂಬಿಸುತ್ತದೆ, ಸತ್ವ ಇಲ್ಲ. ಅದರ ಬದಲು ಗಟ್ಟಿ ರಾಗಿ ಮಣ್ಣಿ ಚಮಚದಲ್ಲಿ ತಿನ್ನಿಸಿದೆವು, ಕುಡಿಸಲಿಲ್ಲ.

ನಿಮ್ಮ ಕಚೇರಿ ಮನೆ ಹತ್ತಿರವಿದ್ದರೆ, ಮನೆಯಲ್ಲಿ ತಾಳ್ಮೆ ಇರುವ ಒಬ್ಬರಿದ್ದರೆ, ಹಿಂಡಿದ ಹಾಲು ಮತ್ತು ಲೋಟ. ಇಬ್ಬರೇ ಇರುವ, ಇಬ್ಬರೂ ದುಡಿಯುವ ಮನೆಗೆ ಲೆಕ್ಕ ಬೇರೆಯಾಗಬಹುದು. ಲೋಟ ಸೋಲುವುದು ಒಂದೇ ಕಡೆ, ಬಸ್ಸಿನಲ್ಲಿ. ದೇವಿಮನೆ ಘಟ್ಟದ ತಿರುವಿನಲ್ಲಿ ಅದರಲ್ಲಿ ಕುಡಿಸಲು ಹೋಗಿ ನನ್ನ ಸೀರೆ, ಪಕ್ಕದವರ ಚೀಲ ಎರಡೂ ಒದ್ದೆಯಾದವು. ಈಗ ಘಟ್ಟ ಹತ್ತುವ ಮುಂಚೆ ಕುಡಿಸುತ್ತೇನೆ, ಇಳಿದ ಮೇಲೆ ಮತ್ತೆ.