ಗಿಟಾರ್ ಕಿಟ್: ಮರ ಚೆನ್ನಾಗಿದೆ, ಕೈಪಿಡಿಯನ್ನು ಮಾತ್ರ ನಂಬಬೇಡಿ

ಮನೆಯಲ್ಲೇ ಅಕೌಸ್ಟಿಕ್ ಗಿಟಾರ್ ಮಾಡುವ ಹುಚ್ಚು ಹಿಡಿದು ಡ್ರೆಡ್‌ನಾಟ್ (ದೊಡ್ಡ ಒಡಲಿನ ಗಿಟಾರ್) ಕಿಟ್ ಒಂದನ್ನು ತರಿಸಿದ್ದೆ. ಐದು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ಈಗ ತಂತಿ ಕಟ್ಟಿ ನುಡಿಸುತ್ತಿದ್ದೇನೆ, ಹಾಗಾಗಿ ಧೈರ್ಯವಾಗಿ ಬರೆಯಬಹುದು.

ಮರದ ಬಗ್ಗೆ ದೂರಿಲ್ಲ. ಮೇಲ್ಹಲಗೆ ಸ್ಪ್ರೂಸ್ ಮರದ್ದು, ಎಳೆಗಳು ನೇರವಾಗಿ, ಒತ್ತಾಗಿವೆ. ಬೆನ್ನು ಮತ್ತು ಪಕ್ಕಗಳು ಬೀಟೆ ಮರದ್ದು. ಪಕ್ಕದ ಪಟ್ಟಿಗಳನ್ನು ಬಗ್ಗಿಸಿಯೇ ಕಳಿಸುತ್ತಾರೆ, ಹೊಸಬರಿಗೆ ಇದೇ ದೊಡ್ಡ ಉಪಕಾರ. 2 ಮಿ.ಮೀ. ದಪ್ಪದ ಬೀಟೆಯನ್ನು ಬಿಸಿ ಕೊಳವೆಯ ಮೇಲೆ ಬಗ್ಗಿಸೋಕೆ ಹೋಗಿ, ಸರಿಯಾಗಿ ಸೊಂಟದ ತಿರುವಿನಲ್ಲಿ ಪಟ್ ಅಂತ ಮುರಿದುಕೊಂಡವರಿಗೆ ಇದರ ಬೆಲೆ ಗೊತ್ತು. ಆದರೆ ಬಗ್ಗಿಸಿದ ಮರ ಸುಮ್ನೆ ಇರುತ್ತದಾ? ಪೆಟ್ಟಿಗೆ ತೆಗೆದಾಗ ಒಂದು ಪಟ್ಟಿ ನಕ್ಷೆಗಿಂತ ಎರಡು ಬೆರಳು ಆಚೆ ಬಿಚ್ಚಿಕೊಂಡಿತ್ತು. ಹಿಡಿದಿಡೋಕೆ ಅಚ್ಚು ಬೇಕೇ ಬೇಕು, ಅದು ಕಿಟ್‌ನಲ್ಲಿಲ್ಲ. ಪ್ಲೈವುಡ್ ಕೊಯ್ದು ನಾನೇ ಮಾಡಿಕೊಂಡೆ. ಕ್ಲ್ಯಾಂಪ್ ಕೂಡ ಕೊಡುವುದಿಲ್ಲ. ಅಂಚಿನ ಒಳಪಟ್ಟಿ ಅಂಟಿಸುವಾಗ ಬಟ್ಟೆ ಒಣಹಾಕುವ ಕ್ಲಿಪ್‌ಗಳನ್ನೆಲ್ಲ ಬಾಚಿ ತಂದು ಸಾಲಾಗಿ ಕಚ್ಚಿಸಿದೆ. ಮನೆಯವರ ಮುಖ ನೋಡಬೇಕಿತ್ತು.

ಇಷ್ಟೂ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಮೇಲ್ಹಲಗೆಯ ಒಳಗಿನ ಎಕ್ಸ್ ಆಕಾರದ ಪಟ್ಟಿಗಳು. ಇವನ್ನು ಬೇಕೆಂದೇ ದಪ್ಪ ಇಟ್ಟು ಕಳಿಸುತ್ತಾರೆ, ಉಳಿ ಹಿಡಿದು ಕೆತ್ತುವ ಕೆಲಸ ನಮ್ಮದು. ಹಲಗೆಯನ್ನು ಎರಡು ಬೆರಳಲ್ಲಿ ಹಿಡಿದು ಕಿವಿ ಹತ್ತಿರ ತಂದು, ಬ್ರಿಡ್ಜ್ (ತಂತಿಗಳ ಬುಡ ಸಿಕ್ಕಿಸುವ ಮರದ ತುಂಡು) ಬರುವ ಜಾಗಕ್ಕೆ ಗೆಣ್ಣಿನಿಂದ ಕುಟ್ಟಿ. ಮೊದಮೊದಲು ರಟ್ಟಿನ ಡಬ್ಬಿಯ ಸದ್ದು. ಒಂದೊಂದೇ ಚಕ್ಕೆ ಎಬ್ಬಿಸುತ್ತಾ ಹೋದಂತೆ ದನಿ ತಗ್ಗಿ, ಉದ್ದವಾಗಿ 'ಡುಂ' ಅನ್ನತೊಡಗುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಕಷ್ಟ, ಯಾಕೆಂದರೆ ಆರು ಸ್ಟೀಲ್ ತಂತಿ ಸೇರಿ ಸುಮಾರು 70 ಕೆಜಿ ಎಳೆಯುತ್ತವೆ, ಆಸೆಗೆ ಬಿದ್ದು ಜಾಸ್ತಿ ಕೆತ್ತಿದರೆ ಹಲಗೆ ಉಬ್ಬುತ್ತದೆ.

ಇನ್ನು ಕೈಪಿಡಿ. ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸ್ಯಾಡಲ್‌ಗೆ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ಸರಿಯಾಗಿ 645 ಮಿ.ಮೀ. ಅಳೆದು ಬ್ರಿಡ್ಜ್ ಅಂಟಿಸಿ ಅಂತ ಬರೆದಿದ್ದಾರೆ. ನಂಬಿದೆ, ಕೆಟ್ಟೆ. ತಂತಿ ಒತ್ತಿದಾಗ ಅದು ಎಳೆದುಕೊಂಡು ಶ್ರುತಿ ಏರುತ್ತದೆ, ಅದಕ್ಕೇ ಸ್ಯಾಡಲ್ ಎರಡು ಮೂರು ಮಿ.ಮೀ. ಹಿಂದೆ ಇರಬೇಕು, ದಪ್ಪ ತಂತಿಗಳ ಕಡೆ ಇನ್ನೂ ಸ್ವಲ್ಪ. ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಸ್ಯಾಡಲ್ ಓರೆಯಾಗಿ ಕೂತಿರುವುದು ನೋಡಿದ್ದೀರಲ್ವಾ, ಕಾರಣ ಇದೇ. ನನ್ನದರಲ್ಲಿ 12ನೇ ಫ್ರೆಟ್ (ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿ) ಹೊತ್ತಿಗೆ ಎಲ್ಲ ಸ್ವರವೂ ಅಪಸ್ವರ. ಬ್ರಿಡ್ಜ್ ಕಾಯಿಸಿ, ತೆಳು ಚಾಕು ತೂರಿಸಿ ಎಬ್ಬಿಸಿದೆ, ಜೊತೆಗೆ ಸ್ಪ್ರೂಸ್‌ನ ನಾಲ್ಕು ಎಳೆಯೂ ಕಿತ್ತು ಬಂತು. ಮಾರಿದವರಿಗೆ ಬರೆದರೆ ಅದೇ ಕೈಪಿಡಿಯನ್ನು ಮತ್ತೆ ಕಳಿಸಿದರು!

ಐದಕ್ಕೆ ಮೂರೂವರೆ ಕೊಡುತ್ತೇನೆ, ಅಷ್ಟೂ ಮರಕ್ಕೆ. ಕೊಳ್ಳುವುದಾದರೆ ಮೊದಲು ಅಚ್ಚು ಮಾಡಿಟ್ಟುಕೊಳ್ಳಿ, ಕ್ಲಿಪ್ ಬೇರೆಯೇ ತಂದುಕೊಳ್ಳಿ.