ನೆಗೆಟಿವ್ ಶೀಟು, ರಿಂಗ್ ಬೈಂಡರ್: ಬಳಸಿದ ಮೇಲೆ ಅನ್ಸಿದ್ದು

ಫಿಲ್ಮ್ ರೋಲ್‌ಗಳ ರಾಶಿ ಬೆಳೀತಾ ಹೋದ್ರೆ ಫೋಟೋ ತೆಗೆಯೋದಕ್ಕಿಂತ ಹಳೇ ನೆಗೆಟಿವ್ ಹುಡುಕೋದೇ ದೊಡ್ಡ ಕೆಲಸ ಆಗ್ಬಿಡತ್ತೆ. ನಾನು ಬಳಸ್ತಿರೋದು 35 ಎಂಎಂ ಫಿಲ್ಮ್‌ದು ಪಾಲಿಪ್ರೊಪಿಲೀನ್ ಶೀಟು, ಅಂದ್ರೆ ಕಟ್ ಮಾಡಿದ ನೆಗೆಟಿವ್ ಪಟ್ಟಿಗಳನ್ನ ತೂರಿಸಿಡೋ ಪ್ಲಾಸ್ಟಿಕ್ ಹಾಳೆ, 7 ಸಾಲು, ಸಾಲಿಗೆ 5 ಫ್ರೇಮ್, ರಿಂಗ್ ಬೈಂಡರ್‌ಗೆ ಸಿಗಿಸೋ ಥರದ್ದು. ತುಂಬಾ ಇಷ್ಟ ಆಗಿದೆ, ಆದ್ರೆ ತಕರಾರು ಮೊದಲು ಹೇಳ್ಬಿಡ್ತೀನಿ. ಏಳೈದ್ಲಿ 35, ರೋಲ್‌ನಲ್ಲಿ ಇರೋದು 36, ಆ ಕೊನೇ ಒಂದು ಫ್ರೇಮ್‌ಗೆ ಜಾಗ ಇಲ್ಲ! 6 ಸಾಲು, ಸಾಲಿಗೆ 6 ಇರೋ ಶೀಟ್ ತಗೊಂಡ್ರೆ ಈ ರಗಳೆ ಇರಲ್ಲ, ಆದ್ರೆ ಅದು ಅಗಲ ಜಾಸ್ತಿ, ಮಾಮೂಲಿ ಬೈಂಡರ್‌ನಿಂದ ಅಂಚು ಹೊರಗೆ ಬರತ್ತೆ, ಅದಕ್ಕೆ ಅಂತಾನೇ ದೊಡ್ಡ ಬೈಂಡರ್ ಬೇಕು. ಯಾವಾಗ್ಲೂ 36ರ ರೋಲೇ ಹಾಕೋರು ಈ 6 ಸಾಲಿನ ಶೀಟನ್ನೇ ತಗೊಳ್ಳಿ, ಲ್ಯಾಬ್‌ನವರಿಗೂ ಆರಾರು ಫ್ರೇಮ್‌ಗೆ ಕಟ್ ಮಾಡಿ ಅಂತ ಮೊದಲೇ ಹೇಳಿಡಿ.

ಮೆಟೀರಿಯಲ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಾಲಿಯೆಸ್ಟರ್ ಮೂರೂ ಓಕೆ. ಪಿವಿಸಿ ಬೇಡವೇ ಬೇಡ, ಕಾಲ ಕಳೆದ ಹಾಗೆ ಆಸಿಡ್ ಬಿಡತ್ತೆ, ಅದರಲ್ಲಿರೋ ಪ್ಲಾಸ್ಟಿಸೈಜರ್ (ಪ್ಲಾಸ್ಟಿಕ್ ಮೆದು ಮಾಡೋ ರಾಸಾಯನಿಕ) ಹೊರಗೆ ಬಂದು ಫಿಲ್ಮ್‌ಗೆ ಅಂಟ್ಕೊಳತ್ತೆ. ಪ್ಯಾಕೆಟ್ ಮೇಲೆ ಆರ್ಕೈವಲ್ (ಬಹುಕಾಲ ಇಡೋಕೆ ತಕ್ಕದ್ದು) ಅಂತ ಬರೆದಿದ್ರೆ ಸಾಲ್ದು, ಪಿಎಟಿ ಅಂದ್ರೆ ಫೋಟೋಗ್ರಾಫಿಕ್ ಆಕ್ಟಿವಿಟಿ ಟೆಸ್ಟ್ (ಐಎಸ್ಒ 18916, ಶೀಟ್‌ನಿಂದ ಫೋಟೋಗೆ ಹಾನಿ ಆಗತ್ತಾ ಅಂತ ನೋಡೋ ಪರೀಕ್ಷೆ) ಪಾಸ್ ಆಗಿದ್ಯಾ ನೋಡಿ.

ನನಗೆ ಈ ಶೀಟ್‌ನಲ್ಲಿ ನಿಜವಾಗ್ಲೂ ಬೆಲೆ ಬಾಳೋದು ಅನ್ಸಿದ್ದು ತಲೆ ಮೇಲಿರೋ ಬಿಳಿ ಪಟ್ಟಿ. ಶೀಟ್ ಖಾಲಿ ಇರುವಾಗ್ಲೇ ಅದರ ಮೇಲೆ ಪಿಗ್ಮೆಂಟ್ ಇಂಕ್ ಪೆನ್‌ನಲ್ಲಿ 2024-017 ಅಂತ ಬರೀತೀನಿ, ಅಂದ್ರೆ ಆ ವರ್ಷದ 17ನೇ ರೋಲು, ಪಕ್ಕದಲ್ಲಿ ಫಿಲ್ಮ್ ಹೆಸರು, ಕ್ಯಾಮೆರಾ, ಡೆವಲಪರ್ (ಫಿಲ್ಮ್ ತೊಳೆಯೋ ರಾಸಾಯನಿಕ), ಪುಶ್ ಮಾಡಿದ್ರೆ, ಅಂದ್ರೆ ಕಮ್ಮಿ ಬೆಳಕಲ್ಲಿ ತೆಗೆದು ಹೆಚ್ಚು ಹೊತ್ತು ಡೆವಲಪ್ ಮಾಡಿದ್ರೆ, ಎಷ್ಟು ಅಂತ, ಇಂಕ್ ಪೂರ್ತಿ ಒಣಗಿದ ಮೇಲೇನೇ ಫಿಲ್ಮ್ ಒಳಗೆ. ನೆಗೆಟಿವ್ ಇರುವಾಗ ಬಾಲ್‌ಪೆನ್ ಒತ್ತಿ ಬರೆದ್ರೆ ಅಚ್ಚು ಎಮಲ್ಷನ್ (ಫಿಲ್ಮ್‌ನಲ್ಲಿ ಚಿತ್ರ ಮೂಡೋ ಪದರ) ಮೇಲೆ ಬೀಳಬಹುದು. ಮದುವೆ, ಟ್ರಿಪ್, ಮನೆ ಅಂತ ವಿಷಯದ ಮೇಲೆ ಫೈಲ್ ಮಾಡೋದು ಮೊದಲು ಚೆನ್ನಾಗಿ ಕಾಣತ್ತೆ, ಆದ್ರೆ ಒಂದೇ ರೋಲ್‌ನಲ್ಲಿ ಮೂರೂ ಇದ್ರೆ ಎಲ್ಲಿಡ್ತೀರ? ರೋಲ್ ನಂಬರೇ ಸರಿ, ವಿಷಯ ಎಲ್ಲಾ ಸ್ಪ್ರೆಡ್‌ಶೀಟ್‌ಗೆ ಹೋಗ್ಲಿ. ಫ್ರೇಮ್‌ಗೆ ಹೊಸದಾಗಿ ನಂಬರ್ ಕೊಡೋದೂ ಬೇಡ, ಫಿಲ್ಮ್ ಅಂಚಲ್ಲಿ 22, 22ಎ ಅಂತ ಫ್ಯಾಕ್ಟರಿಯವರೇ ಹಾಕಿರ್ತಾರಲ್ಲ, ಸ್ಕ್ಯಾನ್ ಫೈಲ್‌ಗೆ 2024-017-22ಎ ಅಂತ ಅದೇ ಹೆಸರು ಕೊಟ್ರೆ ಕಂಪ್ಯೂಟರ್‌ನಲ್ಲಿ ಕಂಡ ಫೋಟೋದ ನೆಗೆಟಿವ್ ನೇರವಾಗಿ ಕೈಗೆ ಸಿಗತ್ತೆ, ಈ ಸುಖ ಅನುಭವಿಸಿದೋರಿಗೇ ಗೊತ್ತು.

ಶೀಟ್ ಪಾರದರ್ಶಕ ಆಗಿರೋದ್ರಿಂದ ನೆಗೆಟಿವ್ ಹೊರಗೆ ತೆಗೀದೆ ಲೈಟ್ ಟೇಬಲ್ (ಕೆಳಗಿಂದ ಬೆಳಕು ಬರೋ ಮೇಜು) ಮೇಲೆ ನೋಡಬಹುದು, ಕಾಂಟ್ಯಾಕ್ಟ್ ಪ್ರಿಂಟೂ (ನೆಗೆಟಿವ್ ಫೋಟೋ ಪೇಪರ್ ಮೇಲೇ ಇಟ್ಟು ಅದೇ ಸೈಜಲ್ಲಿ ತೆಗೆಯೋ ಪ್ರಿಂಟು) ಹಾಗೇ ಆಗತ್ತೆ. ಪೂರ್ತಿ ಒಣಗದ ಫಿಲ್ಮ್ ಮಾತ್ರ ತುರುಕಬೇಡಿ, ಅಂಟ್ಕೊಂಡ್ರೆ ಕಥೆ ಮುಗೀತು.

ಬೈಂಡರ್ ಸುತ್ತ ಮುಚ್ಚಿರೋ ಬಾಕ್ಸ್ ಥರದ್ದೇ ಇರ್ಲಿ, ಧೂಳು ಒಳಗೆ ಹೋಗಲ್ಲ. ನೆಟ್ಟಗೆ ನಿಲ್ಲಿಸಿಡಿ, ತುಂಬಿ ತುಳುಕೋ ಹಾಗೆ ಮಾಡ್ಬೇಡಿ, ತೇವಾಂಶ ಶೇ. 50 ದಾಟದೇ ಇರೋ ಕಪಾಟು ನೋಡ್ಕೊಳ್ಳಿ, ಇಲ್ಲಾಂದ್ರೆ ಎಷ್ಟು ಒಳ್ಳೇ ಶೀಟ್ ತಂದ್ರೂ ಫಂಗಸ್ ಹಿಡಿಯಬಹುದು.